ಕೆಜಿಎಫ್ ಕ್ಲಬ್ಬಿನ ಡ್ಯಾನ್ಸು, ನಮ್ಮ ಮೌನ

ಬಂಗಾರಪೇಟೆ ಅಂದ್ರೆ ಆಫೀಸಿನಲ್ಲಿ ಎಲ್ರಿಗೂ ನೆನಪಾಗೋದು ಬಿಳಿ ನೀರಿನ ಪಾನಿಪೂರಿ. ಪಕ್ಕದ ಕೆಜಿಎಫ್ ಅಂದ್ರೆ ಯಶ್! 2018ರಲ್ಲಿ ಆ ಸಿನಿಮಾ ಬಂದ ಮೇಲಂತೂ "ನಿಜವಾಗ್ಲೂ ಹಾಗೇ ಇತ್ತಾ?" ಅನ್ನೋರಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಅಲ್ಲಿ ಕ್ಲಬ್ಬಿತ್ತು, ಸೂಟು ಬೂಟು ಹಾಕ್ಕೊಂಡು ಬಾಲ್ ಡ್ಯಾನ್ಸ್ ಮಾಡ್ತಿದ್ರು ಅಂದ್ರೆ ಮಾತ್ರ ಯಾರೂ ನಂಬಲ್ಲ :)

ಆದರೆ ಇದ್ದದ್ದು ನಿಜ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಕೈ ಹಾಕಿದ ಮೇಲೆ ಬಂದ ಬಿಳಿ ಅಧಿಕಾರಿಗಳಿಗೆ ಬಂಗಲೆ, ಚರ್ಚು, ಗಾಲ್ಫ್ ಮೈದಾನ, ಜೊತೆಗೊಂದು ಕ್ಲಬ್ಬು ಎಲ್ಲಾ ಬಂತು. 'ಲಿಟಲ್ ಇಂಗ್ಲೆಂಡ್' ಅನ್ನೋ ಹೆಸರು ಸುಮ್ಮನೆ ಬಂದಿದ್ದಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟು ನೇರ ಗಣಿಗೆ ಹೋಯ್ತು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ!

ಕ್ಲಬ್ಬು ದೊರೆಗಳದ್ದು. ಆದ್ರೆ ಕುಣಿತದ ಹುಚ್ಚು ನಿಜವಾಗಿ ಇದ್ದದ್ದು ಆಂಗ್ಲೋ ಇಂಡಿಯನ್ನರಿಗೆ. ಕ್ರಿಸ್‌ಮಸ್, ಹೊಸ ವರ್ಷ, ಆಮೇಲೆ ಮೇ ಕ್ವೀನ್ ಬಾಲ್. ಕುಣಿಯಲು ಬಂದ ಹುಡುಗಿಯರಲ್ಲಿ ಒಬ್ಬಳನ್ನು ಆ ರಾತ್ರಿಗೆ ರಾಣಿ ಅಂತ ಆರಿಸೋದು. ನಮ್ಮ ದೇಶದ ಎಷ್ಟೋ ರೈಲ್ವೆ ಕಾಲೋನಿಗಳಲ್ಲೂ ಆಂಗ್ಲೋ ಇಂಡಿಯನ್ನರು ನಡೆಸುತ್ತಿದ್ದ ಹಬ್ಬ ಇದು. ಅಲ್ಲೇ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್ ಕುಮಾರ್ ಕೆಜಿಎಫ್ ನೆನಪುಗಳ ಪುಸ್ತಕ ಬರೆದಿದ್ದಾರೆ, ಇಂಗ್ಲಿಷಿನಲ್ಲಿ.

ಈಗ ನನ್ನ ತಕರಾರು. ಆ ಬಾಲ್‌ರೂಮಿನ ಮರದ ನೆಲ ನೆನೆದು ನಿಟ್ಟುಸಿರು ಬಿಡೋರು, ಅದರಡಿಯ ಮೂರು ಕಿಲೋಮೀಟರಿಗೂ ಆಳವಾದ ಚಾಂಪಿಯನ್ ರೀಫ್ ಗಣಿಯನ್ನು ಮರೀತಾರೆ. ಅಲ್ಲಿಳಿದವರಲ್ಲಿ ಬಹಳಷ್ಟು ಜನ ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ದಲಿತರು. ಅವರಿಗೆ ಕ್ಲಬ್ಬಿನ ಬಾಗಿಲಲ್ಲ, 'ಲೈನು'ಗಳ ಗುಡಿಸಲು. ಅಲ್ಲೂ ಕುಣಿತ ಇತ್ತು ಸ್ವಾಮೀ, ಮಾರಿಯಮ್ಮನ ಹಬ್ಬಕ್ಕೆ, ಸಾವಿಗೆ, ತಮಟೆ ಏಟಿಗೆ. 1930ರಲ್ಲಿ ಹೆಬ್ಬೆಟ್ಟಿನ ಗುರುತು ಕೊಡಲ್ಲ ಅಂತ ಮುಷ್ಕರ ಹೂಡಿದವರು, 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಸತ್ತವರು ಇವರೇ. ಇಂಥವರ ಪೂರ್ವಜರ ಕಥೆ ಹೇಳೋಕೆ 2024ರಲ್ಲಿ 'ತಂಗಲಾನ್' ಅನ್ನೋ ತಮಿಳು ಸಿನಿಮಾನೇ ಬರಬೇಕಾಯ್ತು.

ಹಾಗಂತ ಬಾಲ್ ಡ್ಯಾನ್ಸ್ ಬೇಡದ್ದು ಅಂತಲ್ಲ. ಇತ್ತ ಪೂರಾ ದೊರೆಗಳೂ ಅಲ್ಲದೆ ಅತ್ತ 'ನೇಟಿವ್'ಗಳೂ ಅಲ್ಲದೆ ಬದುಕಿದ ಜನಕ್ಕೆ ಆ ರಾತ್ರಿ ಎಷ್ಟು ದೊಡ್ಡದಿದ್ದೀತು! ನನ್ನ ಸಿಟ್ಟು ನಮ್ಮ ಮೇಲೆ. ಡ್ಯಾನ್ಸು ಇಂಗ್ಲಿಷಿನವರದ್ದು, ತಮಟೆ ತಮಿಳರದ್ದು, ನಮಗ್ಯಾಕೆ ಅಂತ ಕನ್ನಡದವರು ಸುಮ್ಮನಿದ್ದುಬಿಟ್ಟೆವು. ನಮ್ಮ ಜಿಲ್ಲೆಯ ಊರು, ಬೆಂಗಳೂರಿಗೆ ಬರೀ ನೂರು ಕಿಲೋಮೀಟರು. ನವೆಂಬರ್ ಬಂದ್ರೆ ಮಾತ್ರ "ಅಲ್ಲಿ ಕನ್ನಡ ಇಲ್ಲ" ಅಂತ ಕೂಗೋಕೆ ನೆನಪಾಗುತ್ತೆ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಂಗ್ಲೋ ಇಂಡಿಯನ್ನರಲ್ಲಿ ಎಷ್ಟೋ ಮಂದಿ ಅದಕ್ಕೂ ಮುಂಚೆಯೇ ಆಸ್ಟ್ರೇಲಿಯಾ, ಇಂಗ್ಲೆಂಡ್ ಸೇರಿದ್ರು. ಗಣಿ ಕೆಲಸದವರ ಮಕ್ಕಳು ಬೆಳಕು ಹರಿಯೋ ಮುಂಚೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಬರ್ತಾರೆ. ಬಂಗಾರಪೇಟೇಲಿ ಹತ್ತೋ ನಮಗೆ ಸೀಟು ಸಿಗದಿದ್ದರೆ ಬೈಕೊಳ್ತೀವಿ, ಮಾತಾಡಿಸೋದಿಲ್ಲ. ಅವರಲ್ಲಿ ಯಾರ ಅಜ್ಜ ಗಣಿಗಿಳಿದಿದ್ದ, ಯಾರ ಅಜ್ಜಿ ಕ್ಲಬ್ಬಿನ ನೆಲ ಒರೆಸಿದ್ದಳು, ಕೇಳಿದ್ರೆ ತಾನೇ ಗೊತ್ತಾಗೋದು? ಕೋಲಾರದ ಕಡೆಯ ಬ್ಲಾಗಿಗರು ಯಾರಾದ್ರೂ ಇದ್ರೆ ಕಾಮೆಂಟ್ ಹಾಕಿ. ಒಂದು ಭಾನುವಾರ ರೆಕಾರ್ಡರ್ ಹಿಡ್ಕೊಂಡು ಲೈನುಗಳಿಗೆ ಹೋಗೋಣ. ಪಾನಿಪೂರಿ ನನ್ನ ಲೆಕ್ಕ.