ಯಲಹಂಕದ ಚಿಮಣಿ, ಜನರ ಪ್ರಶ್ನೆ

ಯಲಹಂಕದ 370 ಮೆಗಾವಾಟ್ ಅನಿಲ ವಿದ್ಯುತ್ ಸ್ಥಾವರ 2024ರ ಸೆಪ್ಟೆಂಬರ್‌ನಲ್ಲಿ ಲೋಕಾರ್ಪಣೆಯಾಯಿತು. ಅದಕ್ಕೂ ಮೊದಲು, 2020ರ ಅಕ್ಟೋಬರ್‌ನಲ್ಲಿ, ಪರೀಕ್ಷಾರ್ಥ ಚಾಲನೆಯ ವೇಳೆ ಬೆಂಕಿ ಹೊತ್ತಿ ಹಲವು ಸಿಬ್ಬಂದಿ ಗಾಯಗೊಂಡಿದ್ದರು. ಸುತ್ತಲಿನ ನಿವಾಸಿಗಳ ಆತಂಕ ಹುಟ್ಟಿದ್ದು ಸುಮ್ಮನೆ ಅಲ್ಲ.

ಅನಿಲ ಕಲ್ಲಿದ್ದಲಿಗಿಂತ ಮೇಲು, ನಿಜ. ಒಂದು ಯೂನಿಟ್‌ಗೆ ಹೊರಬೀಳುವ ಇಂಗಾಲ ಹೆಚ್ಚುಕಡಿಮೆ ಅರ್ಧ. ಟರ್ಬೈನಿನಿಂದ ಬರುವ ಬಿಸಿ ಹೊಗೆಯಿಂದಲೇ ಹಬೆ ಎಬ್ಬಿಸಿ ಇನ್ನೊಂದು ಟರ್ಬೈನನ್ನೂ ತಿರುಗಿಸಲಾಗುತ್ತದೆ. ಪಾವಗಡದ ಸೌರಫಲಕಗಳು ಸಂಜೆ ಕಣ್ಣುಮುಚ್ಚಿದಾಗ ಯಾವುದಾದರೂ ಆಸರೆ ಬೇಕು. ಆದರೆ ಅನಿಲವೂ ಪಳೆಯುಳಿಕೆ ಇಂಧನವೇ. ಕೊಳವೆಯಲ್ಲಿ ಸೋರುವ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಹಲವು ಪಟ್ಟು ಶಾಖ ಹಿಡಿದಿಡುತ್ತದೆ. ಅತ್ತ ಅಂದಿನ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) 2023ರಲ್ಲೇ ಹವಾಮಾನ ಕ್ರಿಯಾ ಯೋಜನೆ ಹೊರತಂದು, 2050ರೊಳಗೆ ನಗರವನ್ನು ಇಂಗಾಲ-ತಟಸ್ಥ ಮಾಡುವ ಮಾತು ಕೊಟ್ಟಿತ್ತು. ಈ ಸ್ಥಾವರ ಆ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತದೆ?

ರಾಜಕೀಯ ಪಕ್ಷಗಳು ಯೋಜನೆಯ ಶ್ರೇಯ ಯಾರದೆಂದು ಕಿತ್ತಾಡುವುದು ಸಾಕು. ಸ್ಥಾವರ ಎಷ್ಟು ಗಂಟೆ ಓಡಿತು, ಎಷ್ಟು ನೈಟ್ರೋಜನ್ ಆಕ್ಸೈಡ್ ಉಗುಳಿತು ಎಂಬ ಅಂಕಿಅಂಶವನ್ನು ಕರ್ನಾಟಕ ವಿದ್ಯುತ್ ನಿಗಮ ಪ್ರತಿದಿನ ಜನರ ಮುಂದಿಡಲಿ. ಸಂಜೆಯ ಬೇಡಿಕೆ ಏರಿದಾಗ ಮಾತ್ರ ಅದು ಓಡಲಿ. ಅದನ್ನು ಎಂದು ನಿಲ್ಲಿಸುತ್ತೇವೆ ಎಂಬ ಗಡುವನ್ನೂ ಸರ್ಕಾರ ಈಗಲೇ ವಿಧಾನಸಭೆಯಲ್ಲಿ ಹೇಳಬೇಕು.