ಸಂಶೋಧನ ಪದವಿಯೂ ದೂರದ ಗುರುವೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ತುಮಕೂರು ಕಂದಾಯ ಜಿಲ್ಲೆಗೆ ಸೇರಿದವಾದರೂ ಶಾಲಾ ಆಡಳಿತದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂಬ ಪ್ರತ್ಯೇಕ ಹೆಸರನ್ನು ಪಡೆದಿವೆ. ವಿಶ್ವವಿದ್ಯಾಲಯ ಮಾತ್ರ ತುಮಕೂರಿನಲ್ಲಿದೆ. ಅದೂ 2004ರಲ್ಲಿ ಸ್ಥಾಪಿತವಾದದ್ದು. ಪಾವಗಡದಿಂದ ಅಲ್ಲಿಗೆ ಸುಮಾರು 100 ಕಿಲೋಮೀಟರು. ಶನಿವಾರ ಬೆಳಗಿನ ಶಾಲೆಯನ್ನು ಮುಗಿಸಿ ಬಸ್ಸು ಹತ್ತಿದ ಉಪಾಧ್ಯಾಯರಿಗೆ ಗ್ರಂಥಾಲಯದಲ್ಲಿ ಕುಳಿತು ಓದಲು ಎಷ್ಟು ಹೊತ್ತು ಉಳಿದೀತು? ಹೀಗಿರುವಾಗ ಅಂತರಜಾಲದ ಮೂಲಕ ಮನೆಯ ಬಾಗಿಲಿಗೇ ಬಂದ ವಿದ್ಯೆಯನ್ನು ಹೀನವೆಂದು ತಳ್ಳುವುದು ಉಚಿತವಲ್ಲ.

ಮನೆಯಲ್ಲಿ ಕುಳಿತು ಕಲಿಯುವುದು ನಾಡಿಗೆ ಹೊಸದೂ ಅಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳಿಗೆ ಕಾಲೇಜಿನ ಮೆಟ್ಟಿಲನ್ನು ಕಾಣದವರೂ ಕುಳಿತಿದ್ದಾರೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಮೊದಲಾದ ಅಂಚೆ ಶಿಕ್ಷಣವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆಯಿತು. 2017ರಲ್ಲಿ ಆರಂಭವಾದ ಸ್ವಯಂ ವೇದಿಕೆಯಲ್ಲಿ ಸಂಶೋಧನ ವಿಧಾನದ ಪಾಠಗಳನ್ನು ಶುಲ್ಕವಿಲ್ಲದೆ ಕೇಳಬಹುದು. ಶೋಧಗಂಗಾ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ತೆರೆದಿವೆ. ರೈಸ್ ಸಾಹೇಬರು 1904ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನ ಸಂಪುಟವನ್ನು ನೋಡಲು ಹಿಂದೆ ದೊಡ್ಡ ಗ್ರಂಥಾಲಯವನ್ನೇ ಅರಸಬೇಕಿತ್ತು. ಇಂದು ಅದು ಅಂಗೈಯ ದೂರವಾಣಿಯಲ್ಲಿಯೇ ತೆರೆದುಕೊಳ್ಳುತ್ತದೆ.

ಆದರೆ ಓದು ಬೇರೆ, ಸಂಶೋಧನೆ ಬೇರೆ. ಸಂಪುಟದಲ್ಲಿ ಅಚ್ಚಾದ ಪಾಠವನ್ನು ಪರದೆಯ ಮೇಲೆ ನೋಡಿ ನಿಡುಗಲ್ಲಿನ ಅರಸರ ಕುರಿತು ನೂರು ಪುಟ ಬರೆಯಬಹುದು. ಗುರುವಾದವರು ಕೇಳುವ ಮೊದಲ ಪ್ರಶ್ನೆ, ಕಲ್ಲನ್ನು ನೋಡಿದಿರಾ ಎಂಬುದು. ಕಲ್ಲು ಈಗ ಎಲ್ಲಿದೆ, ಯಾವ ಸಾಲು ಸವೆದಿದೆ, ಅಚ್ಚಿನಲ್ಲಿ ಊಹಿಸಿ ತುಂಬಿದ ಅಕ್ಷರ ಯಾವುದು ಎಂಬುದನ್ನು ಬೆಟ್ಟ ಹತ್ತಿದವರೇ ಹೇಳಬೇಕು. ಪಾವಗಡದ ಗಡಿ ಹಳ್ಳಿಗಳಲ್ಲಿ ಕನ್ನಡ ತೆಲುಗುಗಳೆರಡನ್ನೂ ಒಂದೇ ಉಸಿರಿನಲ್ಲಿ ಆಡುವ ರೈತರು ಕಡಲೆಕಾಯಿ ಬೆಳೆಯ ಬಗೆಗೆ ಬಳಸುವ ಮಾತುಗಳನ್ನು ಯಾವ ಪರದೆಯೂ ಸಂಗ್ರಹಿಸಿ ಕೊಡದು. ಸಂಗ್ರಹಿಸಿ ತಂದ ಮೇಲೂ ತಪ್ಪನ್ನು ತೋರಿಸಿ, ಅಧ್ಯಾಯವನ್ನು ಹರಿದು ಮತ್ತೆ ಬರೆಯಿರೆಂದು ಹೇಳುವ ಒಬ್ಬರು ಎದುರಿಗಿರಬೇಕು. ಹಳೆಯ ಪಾಠಶಾಲೆಗಳಲ್ಲಿ ಇದನ್ನೇ ಗುರುಮುಖ ಎನ್ನುತ್ತಿದ್ದರು.

ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಕೈಗೊಂಡ ಕ್ರಮಗಳು ಈ ಭೇದವನ್ನು ಸ್ಪಷ್ಟವಾಗಿ ಒಪ್ಪುತ್ತವೆ. ಮಾನ್ಯತೆಯುಳ್ಳ ಸಂಸ್ಥೆಗಳು ಆನ್‌ಲೈನ್ ಕ್ರಮದಲ್ಲಿ ನೀಡುವ ಸ್ನಾತಕ, ಸ್ನಾತಕೋತ್ತರ ಪದವಿಗಳು ತರಗತಿಯ ಪದವಿಗಳಿಗೆ ಸಮಾನವೆಂದು ಆ ವರ್ಷದ ಸೆಪ್ಟೆಂಬರಿನಲ್ಲಿ ಅದು ತಿಳಿಸಿತು. ಅಕ್ಟೋಬರಿನಲ್ಲಿಯೇ, ವಿದೇಶೀ ಸಂಸ್ಥೆಗಳ ಹೆಸರಿನಲ್ಲಿ ಖಾಸಗಿ ಕಂಪನಿಗಳು ಮಾರುವ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆಯಿಲ್ಲವೆಂದು ಎಚ್ಚರಿಸಿತು. ಹೆಸರಿನ ಹಿಂದೆ ‘ಡಾ’ ಅಕ್ಷರವೊಂದು ಬೇಗನೆ ಬರಲೆಂಬ ಆಸೆ (ಸನ್ಮಾನದ ಆಮಂತ್ರಣ ಪತ್ರಿಕೆಗಳು ಈ ಆಸೆಯನ್ನು ಸಾಕಷ್ಟು ಬೆಳೆಸಿವೆ) ಸಂಬಳದ ಉಳಿತಾಯವನ್ನು ನುಂಗದಿರಲಿ. ಮಾನ್ಯತೆಯ ಮಾತು ಕೇವಲ ಕಾಗದದ್ದಲ್ಲ. 2013-14ರಿಂದ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯೇ ನಿಂತು, 2018ರಲ್ಲಿ ಮರಳಿ ದೊರೆಯುವವರೆಗೆ ಅಲ್ಲಿ ಓದಿದವರು ಪಟ್ಟ ತಳಮಳವನ್ನು ನಾಡು ಕಂಡಿದೆ.

ಉದ್ಯೋಗದಲ್ಲಿರುವವರಿಗೆ ನೇರವಾದ ದಾರಿಯೊಂದು ಇದ್ದೇ ಇದೆ. 2022ರ ನವೆಂಬರಿನ ನಿಯಮಗಳು ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶ ಕೊಡುತ್ತವೆ. ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಆರು ವರ್ಷದ ಮಿತಿ. ಅದಕ್ಕೆ ಉದ್ಯೋಗ ನೀಡಿದ ಸಂಸ್ಥೆಯ ನಿರಾಕ್ಷೇಪಣ ಪತ್ರ ಬೇಕು. ಸಂಶೋಧನೆಗೆ ಸಾಕಷ್ಟು ಸಮಯ ದೊರೆಯುವುದೆಂದೂ, ಅಗತ್ಯವಾದರೆ ಕೋರ್ಸ್‌ವರ್ಕ್ ಮುಗಿಸಲು ಕೆಲಸದಿಂದ ಬಿಡುವು ಕೊಡಲಾಗುವುದೆಂದೂ ಅದರಲ್ಲಿ ಬರೆದಿರಬೇಕು. ಈ ಪತ್ರಕ್ಕೆ ಸಹಿ ಹಾಕುವ ಆಡಳಿತ ಮಂಡಲಿಗಳು ಅದರ ಮಾತನ್ನು ನಡೆಸಿಕೊಡುತ್ತವೆಯೇ ಎಂಬುದರಲ್ಲಿ ವಿಷಯದ ತಿರುಳಿದೆ. ಸಹಿ ಹಾಕಿದ ವಾರವೇ ಅದೇ ಉಪಾಧ್ಯಾಯರ ವೇಳಾಪಟ್ಟಿಗೆ ಇನ್ನೆರಡು ತರಗತಿಗಳನ್ನು ಸೇರಿಸಿದರೆ ಪತ್ರ ಸುಳ್ಳಾಗುತ್ತದೆ.

ದಾನಿಗಳು ಕಟ್ಟಡಕ್ಕೆ ಕಲ್ಲು ಕೊಟ್ಟಿದ್ದಾರೆ, ದಾಸೋಹಕ್ಕೆ ಅಕ್ಕಿ ಕೊಟ್ಟಿದ್ದಾರೆ. ಒಬ್ಬ ಉಪಾಧ್ಯಾಯರ ನೋಂದಣಿ ಶುಲ್ಕ, ತುಮಕೂರಿಗೆ ಹೋಗಿಬರುವ ಬಸ್ಸಿನ ಖರ್ಚು, ಅವರು ಇಲ್ಲದ ದಿನಗಳಲ್ಲಿ ಪಾಠ ಮಾಡುವವರ ಗೌರವಧನ ಇಷ್ಟನ್ನು ಮೂರು ವರ್ಷ ವಹಿಸಿಕೊಳ್ಳುವ ದತ್ತಿಯೊಂದನ್ನು ಹಳೆಯ ವಿದ್ಯಾರ್ಥಿಗಳು ಈ ವರ್ಷವೇ ಸ್ಥಾಪಿಸಬಹುದು.