ಕಂಪ್ಯೂಟರ್ ಸರಿ, ಕಂಪೌಂಡರ್ ಯಾರು?

ಸಣ್ಣ ದವಾಖಾನೆಗಳು ಗಣಕೀಕರಣವಾಗಲಿ, ಇಲ್ಲವೇ ಬಾಗಿಲು ಹಾಕಲಿ ಎಂಬರ್ಥದ ಲೇಖನ ಓದಿದೆ. ಬರೆದವರು ಬೆಳಗಾವಿ ಜಿಲ್ಲೆಯ ನಮ್ಮ ಮಂಗಸೂಳಿಯ ಯಾವುದಾದರೂ ದವಾಖಾನೆಯ ಬಾಕಿನ ಮೇಲೆ ಒಂದು ಸಂಜೆ ಕೂತು ನೋಡಲಿ. ಚೀಟಿ ಬರೆಯುವವ, ಬಿಪಿ ನೋಡುವವ, ಕಸ ಹೊಡೆಯುವವ ಎಲ್ಲ ಒಬ್ಬನೇ ಕಂಪೌಂಡರ್. ಡಿಜಿಟಲ್ ಆರೋಗ್ಯ ಖಾತೆಯ ಹದಿನಾಲ್ಕು ಅಂಕಿಯ ಆಭಾ ಸಂಖ್ಯೆಗೆ ಓಟಿಪಿ ಕೇಳಿದರೆ, ಅಜ್ಜಿಯ ಆಧಾರಕ್ಕೆ ಜೋಡಿಸಿದ ಮೊಬೈಲು ಉಗಾರದ ಸಕ್ಕರೆ ಕಾರ್ಖಾನೆಗೆ ಹೋದ ಮಗನ ಕಿಸೆಯಲ್ಲಿ!

ಬಿಲ್ಲಿನ ಪಾರದರ್ಶಕತೆಗೆ ಸಾಫ್ಟ್‌ವೇರೇ ಬೇಕೆಂಬ ಮಾತೂ ಹಿಡಿಸಲಿಲ್ಲ. ದರಪಟ್ಟಿ ಹಾಕಿ ಎಂದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆ (ಕೆಪಿಎಂಇ) ಹೇಳಿಯೇ ಇದೆ. ಒಂದು ರಟ್ಟು, ಒಂದು ಮೊಳೆ ಸಾಕು.

ರೋಗಿಯ ದಾಖಲೆ ಕಂಪ್ಯೂಟರಿನಲ್ಲಿರಲಿ ಎಂಬ ಮಾತು ಮಾತ್ರ ಒಪ್ಪುತ್ತೇನೆ. ರೋಗ ಬಲಿತರೆ ನಮ್ಮವರು ಓಡುವುದು ಗಡಿಯಾಚೆ ಮಹಾರಾಷ್ಟ್ರದ ಮಿರಜಿಗೆ, 1894ರಲ್ಲಿ ಡಾ. ವಾನ್‌ಲೆಸ್ ಆಸ್ಪತ್ರೆ ತೆರೆದ ಊರದು. ಕ್ಯಾರಿಬ್ಯಾಗಿನಿಂದ ಹಳೇ ಇಸಿಜಿ ತೆಗೆದರೆ ಗೆರೆಯೆಲ್ಲ ಮಾಸಿ ಬರೀ ಕಾಗದ. ಕಂಪ್ಯೂಟರ್ ಬೇಕಾದದ್ದು ಇಲ್ಲಿ. ಆದರೆ ಪರದೆಯ ಮೇಲೆ ಕನ್ನಡವೂ ಮರಾಠಿಯೂ ಇರಲಿ. ನಾಲ್ಕೈದು ದವಾಖಾನೆ ಸೇರಿ, ಪಿಯುಸಿ ಮುಗಿಸಿದ ಊರಿನ ಹುಡುಗಿಯೊಬ್ಬಳಿಗೆ ತರಬೇತಿ ಕೊಟ್ಟು ಪಗಾರ ಹಂಚಿಕೊಳ್ಳಲಿ. ಕಂಪ್ಯೂಟರ್ ನಡೆಸುವವರ ಪಗಾರದ ಬಗ್ಗೆ ಆ ಲೇಖನದಲ್ಲಿ ಒಂದು ಸಾಲೂ ಇಲ್ಲ.